ನಡಾವಳಿಗೆ ಬರೆಯದ್ದು

ಭಾನುವಾರ, ಬೆಳಿಗ್ಗೆ ಹತ್ತೂವರೆ. ಸ್ಥಳ:
ಸಮದ್ ಸಾಬರ ಹಳೇ ಬಿಚ್ಚಾಣಿಕೆ ಶೆಡ್ಡು, ಶಿಡ್ಲಘಟ್ಟ.
ಹಾಜರಿದ್ದವರು ಹತ್ತೊಂಬತ್ತು ಜನ, ಎರಡು ಕೂಸು.
ಕೂಸುಗಳನ್ನು ಬರೆದುಕೊಳ್ಳಲಿಲ್ಲ.

ಇಪ್ಪತ್ತೆಂಟು ವರ್ಷ ಗೂಡಿನ ಮಾರ್ಕೆಟ್ಟಿನಲ್ಲಿ
ತೂಕ ಬರೆದ ಕೈ ಇದು.
ಲಾಟ್ ನಂಬರು, ಕಿಲೋ, ಗ್ರಾಂ.
ಹುಳುವಿಗೆ ಕಾಲಂ ಇರಲಿಲ್ಲ.

ವಿಷಯ ಒಂದು: ನಮ್ಮ ಸಂಘಕ್ಕೆ ವಯಸ್ಸಾಯಿತು.
ಏಳು ಸಹಿಯಿಂದ ಶುರುವಾದದ್ದು. ಐವರು ಮಣ್ಣಾದರು.
ಆರನೆಯವನು ಮಾತು ಬಿಟ್ಟಿದ್ದಾನೆ. ಏಳನೆಯವನು ನಾನು.
ಹದಿನಾಲ್ಕು ಮನೆ, ಒಂದು ಬೋರ್‌ವೆಲ್ಲು,
ಸುಣ್ಣ ಹೊಡೆಸಲು ಸಾಲದಷ್ಟು ಠೇವಣಿ,
ಎಲ್ಲ ಸೇರಿ ನನ್ನ ಬಿ.ಪಿ. ಮಾತ್ರೆಯ ಮೇಲೆ ನಿಂತಿವೆ.

ಆಡಿಟರ್ ಶ್ರೀಕಂಠಯ್ಯ ಚಿಂತಾಮಣಿಯಿಂದ ಬಂದವರು
ಬಾಗಿಲ ಹಿಂಭಾಗಕ್ಕೇ ಸೀಮೆಸುಣ್ಣ ಹಚ್ಚಿದರು.
ಟ್ರಸ್ಟ್ ಅಂದ್ರೆ, ಬರೆದಿಟ್ಟವನ ಮಾತು ಕಲ್ಲಿನ ಮೇಲೆ.
ಧರ್ಮದರ್ಶಿಗಳು ಹೋದರೂ ಮಾತು ಹೋಗಲ್ಲ.
ಕಂಪನಿ ಅಂದ್ರೆ, ಗಾಬರಿ ಬೇಡ, ಲಾಭ ಹಂಚದ ಕಂಪನಿ,
ದಿಲ್ಲಿಯ ಕಂಪ್ಯೂಟರಿಗೆ ವರ್ಷವರ್ಷ ಲೆಕ್ಕ,
ತಡವಾದರೆ ದಿನಕ್ಕಿಷ್ಟು ಅಂತ ದಂಡ.
ಸಹಕಾರ ಸಂಘ ಅಂದ್ರೆ, ಮನೆಯಲ್ಲಿರೋರೇ ಷೇರುದಾರರು,
ತಲೆಗೊಂದು ಓಟು, ಐದು ವರ್ಷಕ್ಕೆ ಚುನಾವಣೆ,
ಆಮೇಲೆ ನಿಮಗೇ ಗೊತ್ತು.
ನಕ್ಕರು. ನಗುವನ್ನೂ ಬರೆಯಲಿಲ್ಲ.

ಟ್ರಸ್ಟೇ ಆಗಲಿ, ಅಂದೆ. ಕಲ್ಲು ನನಗೆ ಇಷ್ಟ.
ಸಾಬರು ಹೇಳಿ ಹೋದದ್ದನ್ನು ಯಾರೂ ಅಳಿಸಬಾರದು:
ಬಾಡಿಗೆ, ದುಡಿಮೆಯ ಐದರಲ್ಲೊಂದು ಪಾಲು ದಾಟಬಾರದು,
ಗಂಡ ಸತ್ತ ಹೆಂಗಸನ್ನು ಎಬ್ಬಿಸಬಾರದು,
ಜಾತಿ ಕೇಳಬಾರದು, ಕೇಳಿದರೂ
ಬರೆದುಕೊಳ್ಳಬಾರದು.

ಹೆಸರು? ಅಂದರು ಆಡಿಟರು.
ಆಂಜಿನಪ್ಪ ಮೇಷ್ಟರ ಮಗಳು "ಗೂಡು" ಅಂದಳು.
ಚೆನ್ನಾಗಿದೆ ಅಂದೆವು. ಎರಡೇ ಅಕ್ಷರ,
ಬೋರ್ಡಿಗೆ ಬಣ್ಣ ಕಡಿಮೆ.

ನಾಲ್ಕನೇ ಮನೆ ಶಮ್ಷಾದ್ ಬೀ
ಕೈ ಎತ್ತದೆ, ಹಿಂದಿನಿಂದ:
"ಗೂಡನ್ನ ನಾವೇನು ಮಾಡ್ತೀವಿ, ಅಣ್ಣ?"

ಆ ಶೆಡ್ಡಿನಲ್ಲಿ ಗೊತ್ತಿಲ್ಲದವರು ಯಾರು!
ಬೇಸಿನ್ನಿನ ಅಂಚಿಗೆ ಇನ್ನೂ ಅಂಟಿದೆ
ಸಾಬರ ಕಾಲದ ಪ್ಯೂಪಾ ವಾಸನೆ.

"ಕುದಿಸ್ತೀವಿ. ಒಳಗಿರೋದು
ಕೊರೆದು ಹಾರಿಬಿಟ್ಟರೆ ನೂಲು ಹಾಳು.
ನಾನಿರೋ ಮನೆಗೆ ಆ ಹೆಸರು ಬೇಡ.
ಇನ್ನೊಂದು. ಕಲ್ಲು ಅಂದ್ರಿ.
ಸಾಬರು ದೊಡ್ಡವರು, ಹೆಂಡತಿಗೆ ಅಂತ ಬರೆದರು,
ಮಗಳಿಗೆ ಅಂತ ಬರೀಲಿಲ್ಲ, ಮರೆತರು.
ನಾನು ಹೋದ ದಿನ ನನ್ನ ಹುಡುಗಿ
ಪಾತ್ರೆ ಹೊತ್ಕೊಂಡು ಆಚೆ ನಿಲ್ಲಬೇಕಾ?
ಮರೆವನ್ನ ಕಲ್ಲಲ್ಲಿ ಕೆತ್ತಿದರೆ
ಯಾವ ಕಛೇರಿಗೆ ಹೋಗಿ ತಿದ್ದಿಸೋದು?"

ನಾನು ಪುಸ್ತಕ ಹಿಂದಕ್ಕೆ ತಿರುವಿದೆ.
ಪುಟಪುಟಕ್ಕೂ ನನ್ನದೇ ದುಂಡು ಅಕ್ಷರ:
ಫಲಾನುಭವಿ ೪, ಫಲಾನುಭವಿ ೯,
ಫಲಾನುಭವಿ ೧೧, ಬಾಕಿ ಇನ್ನೂರು.

ಹನ್ನೊಂದು ಕೈ ಸಹಕಾರಕ್ಕೆ. ಟ್ರಸ್ಟಿಗೆ ಐದು.
ಕಂಪನಿಗೆ ಒಂದು, ಅದು ಆಡಿಟರ ಗುಮಾಸ್ತನದು,
ಹೊಡೆದುಹಾಕಿದೆ.
ನನ್ನ ಕೈ ಪೆನ್ನು ಹಿಡಿದುಕೊಂಡಿತ್ತು.

ಅರ್ಜಿಗೆ ಬೆರಳು ಬೇಕಂತೆ. ಗುಮಾಸ್ತ
ಪುಟ್ಟ ಯಂತ್ರ ತೆಗೆದು ಮೇಜಿನ ಮೇಲಿಟ್ಟ.
ಶಮ್ಷಾದ್ ಬೀ ಹೆಬ್ಬೆರಳು ಒತ್ತಿದಳು: ಕೆಂಪು ದೀಪ.
ಮುನಿಲಕ್ಷ್ಮಮ್ಮ: ಕೆಂಪು.
ಮೂವತ್ತು ವರ್ಷದ ಬಿಸಿನೀರು
ಗೆರೆಗಳನ್ನೆಲ್ಲ ಬಿಚ್ಚಿ ಸುತ್ತಿಟ್ಟಿದೆ, ಯಾರದೋ ಸೀರೆಗೆ.
"ತಿಂಗಳು ಬೇಸಿನ್ನಿಗೆ ಕೈ ಹಾಕ್ಬೇಡಿ, ವಾಪಸ್ ಬರ್ತವೆ,"
ಅಂದ ಹುಡುಗ. ತಿಂಗಳು ಊಟ?
ಅಂತ ಅವನನ್ನು ಯಾರೂ ಕೇಳಲಿಲ್ಲ, ಚಿಕ್ಕವನು.

ಆಗ ಅವಳು ಎಡಗೈ ಕಿರುಬೆರಳು ಚಾಚಿದಳು,
ಎಳೆ ಹಿಡಿಯುವಾಗ ಮೇಲೆತ್ತಿಟ್ಟುಕೊಳ್ಳುವ ಬೆರಳು,
ನೀರು ಮುಟ್ಟದ್ದು.

ಹಸಿರು.

ಸದಸ್ಯರು, ಅಂತ ಹೊಸ ಪುಟಕ್ಕೆ ತಲೆಬರಹ ಕೊಟ್ಟೆ.
ಕೈ ಸ್ವಲ್ಪ ನಡುಗಿತು, ಅಕ್ಷರ ದುಂಡಗಾಗಲಿಲ್ಲ.
ಸಂಘದ ಹೆಸರಿನ ಜಾಗ ಖಾಲಿ ಬಿಟ್ಟು, ಕೆಳಗೆ
ಚಹಾ, ಬನ್ನು: ಇನ್ನೂರ ಹತ್ತು ರೂಪಾಯಿ.