ಲೆವೆಲ್ ನಲವತ್ತೇಳು

ಮೂರಕ್ಕೆ ಭಟ್ಟಿ ಹಚ್ಚಬೇಕು.
ಎರಡೂವರೆಗೇ ಬಂದು ಹೊಟ್ಟಿನ ರಾಶಿಗೆ ಬೆನ್ನು ಕೊಟ್ಟು
ಬಿರುಕು ಬಿಟ್ಟ ಫೋನಿನಲ್ಲಿ ಅವಳನ್ನು ಎಬ್ಬಿಸುತ್ತೇನೆ.
ದಾವಣಗೆರೆ ಇನ್ನೂ ಮಗ್ಗುಲು ಬದಲಿಸಿರುವುದಿಲ್ಲ.
ಅವಳಿಗೆ ನಾನಿಟ್ಟ ಹೆಸರು ಬಿಜಲಿ.
ಅವಳದೊಂದು ಹಾಳೆ ಇದೆ, ಅವಳೆಲ್ಲ ಅದರಲ್ಲೇ ಇದ್ದಾಳೆ:
ಬಲ ಹನ್ನೆರಡು, ಚುರುಕು ಹದಿನಾಲ್ಕು,
ತಾಳಿಕೆ ಒಂಬತ್ತು,
ಅದೃಷ್ಟ ಎಂಬತ್ತೊಂದು.

'ತಲೆ ಕೆಟ್ಟೈತಾ ಖಾಲಾ?' ಅಂತಾನೆ ದಾದಾಪೀರ,
ಆಟ ಹಾಕಿಕೊಟ್ಟವನೂ ಅವನೇ, ಅಕ್ಕನ ಮಗ,
'ಪಾಯಿಂಟೆಲ್ಲ ಬಲಕ್ಕೆ ಹಾಕು. ಒಂದು ತೋಳ ಹೊಡಿಯೋಕೆ
ಒಂದು ಚಾ ಕುಡಿಯೋ ಹೊತ್ತು ಬೇಕು ನಿನಗೆ!'

ಬೇಕು. ಬೇಕಾದರೆ ಬೇಕಾಗಲಿ.
ಬಲ ಅಂದರೇನು ಅಂತ ಗೊತ್ತಪ್ಪ ನನಗೆ,
ಐವತ್ತು ಕೆಜಿ ಅಕ್ಕಿಮೂಟೆ ಎತ್ತಿ ಇಳಿಸಿದವಳು.
ಅದರಿಂದ ಬಂದದ್ದು ಸೊಂಟನೋವು.
ಅದೃಷ್ಟ ಹೇಗಿರುತ್ತದೋ ಒಮ್ಮೆ ನೋಡಬೇಕಿತ್ತು,
ಅಂಕಿಯಲ್ಲಾದರೂ.

ತೋಳ ಸತ್ತರೆ ಏನಾದರೂ ಬೀಳುತ್ತದೆ:
ಹಲ್ಲು, ಮೂರು ನಾಣ್ಯ, ಹರಿದ ಕೈಗವಸು
(ತೋಳಕ್ಕೆ ಕೈಗವಸು ಯಾಕಿತ್ತೋ, ಕೇಳಬಾರದು).
ಯಾವಾಗಲೋ ಒಮ್ಮೆ ನೇರಳೆ ಬೆಳಕು
ನೆಲದಿಂದ ಕಂಬದ ಹಾಗೆ ಏಳುತ್ತದೆ.
ಆಗ ನನ್ನ ಹೆಬ್ಬೆರಳು ಗಾಜಿನ ಮೇಲೆ ಸುಮ್ಮನೆ ನಿಲ್ಲುತ್ತದೆ.
ಮುಟ್ಟಿದ ಮೇಲೆ
ಅದೊಂದು ಗುರಾಣಿ, ಅಷ್ಟೆ.

ಅವಳ ಚೀಲಕ್ಕೆ ಅರವತ್ತೇ ಮನೆ, ಎಲ್ಲ ತುಂಬಿವೆ.
ಮೊದಲ ದಿನದ ತುಕ್ಕು ಕುಡುಗೋಲು ಇನ್ನೂ ಒಂದರಲ್ಲಿ ಕೂತಿದೆ.
ವ್ಯಾಪಾರಿ ಪ್ರತಿ ಸಲ ಕೇಳುತ್ತಾನೆ, ಎರಡು ನಾಣ್ಯಕ್ಕೆ ಕೊಡ್ತೀಯಾ.
ಇಲ್ಲ.

ಮೂರಾಯಿತು. ಬಾಣಲೆಯಲ್ಲಿ ಮರಳು ಕಾಯುತ್ತಿದೆ.
ಹನ್ನೊಂದು ವರ್ಷದ ಹಿಂದೆ ನನಗದು ಬರೀ ಮರಳು.
ಈಗ ಉಪ್ಪು ಹಚ್ಚಿದ ಅಕ್ಕಿ ಒಂದು ಹಿಡಿ ಎರಚಿ ಕಿವಿಗೊಟ್ಟರೆ ಸಾಕು:
ಚಟಪಟ ಎಂದರೆ ಇನ್ನೂ ಹಸಿ,
ಚುಂಯ್ ಎಂದರೆ ಸೀದೀತು,
ಭುಸ್ಸೆಂದು ಒಂದೇ ಉಸಿರಿಗೆ ಎದ್ದರೆ ಹದ.
ಯಾವತ್ತು ಬಂತು ಈ ಕಿವಿ?
ನೆತ್ತಿಯ ಮೇಲೆ ಹೊಂಬೆಳಕು ಸುರಿದ ನೆನಪಿಲ್ಲ.
ಆ ಶನಿವಾರದ ಬಟವಾಡೆ ಹಿಂದಿನ ಶನಿವಾರದಷ್ಟೇ ಇದ್ದಿರಬೇಕು.

ಬಿಜಲಿಗಾದರೆ ಇಷ್ಟು ತೋಳಕ್ಕೊಮ್ಮೆ ಯಾರೋ ಕಹಳೆ ಊದುತ್ತಾರೆ.
ಮೋಸವೇ ಇರಬಹುದು. ಅವಳು ಬೆಳೆದಂತೆ ತೋಳಗಳೂ ಬೆಳೆಯುತ್ತವೆ,
ನಲವತ್ತೇಳನೇ ಲೆವೆಲ್ಲಿನ ತೋಳಕ್ಕೂ ಅದೇ ಒಂದು ಚಾ ಹೊತ್ತು.
ಅಕ್ಕಿಯದೂ ಹಾಗೇ, ಸೇರು ಹಾಕಿದರೆ ಎಂಟು ಸೇರಾಗಿ ಉಕ್ಕುತ್ತದೆ,
ತಕ್ಕಡಿಗೆ ಸುರಿ, ಒಂದು ಗುಂಜಿ ಹೆಚ್ಚಿರುವುದಿಲ್ಲ.
ಅದಕ್ಕೇ ನಮ್ಮಲ್ಲಿ ಮಂಡಕ್ಕಿ ತೂಗುವುದಿಲ್ಲ,
ಅಳೆಯುತ್ತಾರೆ.

ಹೋದ ವಾರ ಹೊಸ ಹುಡುಗಿ ಸೇರಿದಳು, ನಗೀನಾ.
ನಾಲ್ಕು ದಿನ ಸೀಸಿದಳು, ಬೈಸಿಕೊಂಡಳು, ಮೊಣಕೈ ಸುಟ್ಟುಕೊಂಡಳು.
ಇವತ್ತು ಭುಸ್ಸೆಂದಿತು.
ಅವಳಿಗೆ ಗೊತ್ತೇ ಆಗಲಿಲ್ಲ, ಸೆರಗಿನಿಂದ ಮುಖ ಒರೆಸುತ್ತಿದ್ದಳು.
ನಾನು ಎರಡೂ ಕೈ ಬಾಯಿಗಿಟ್ಟು
ತುತ್ತೂರೂ... ಎಂದು ಊದಿಬಿಟ್ಟೆ.
ಬೆದರಿ ಜರಡಿ ಕೆಡವಿದಳು ಹುಡುಗಿ.
ನೆಲದ ತುಂಬ ಬಿಳಿ.

ಸಾಹುಕಾರರ ಸ್ಕೂಟರ್ ಸದ್ದು ಗಲ್ಲಿ ತಿರುಗುವುದರೊಳಗೆ
ಇಬ್ಬರೂ ಬಗ್ಗಿ, ಬಾಚಿ,
ಬಿಸಿಬಿಸಿಯಾಗೇ
ಬಾಯಿ ತುಂಬ ತುಂಬಿಕೊಂಡೆವು.