ಹಕಾರದಾಚೆ

ಸೆತಿಯು ಅಳಿವೆ ದಾಟಿ ಒಂದೂವರೆ ತಾಸು.
ದೆರಾಮನ್ ಕೈ ಎತ್ತಿದರೆ ಎಂಬೋಂಗ್ ಎಂಜಿನ್ ಆರಿಸುತ್ತಾನೆ.
ಆಮೇಲೆ ದೋಣಿಯಲ್ಲಿ ಸೌಟು ಪಾತ್ರೆಗೆ ತಾಗಬಾರದು,
ಕೆಮ್ಮು ಬಂದರೆ ತೋಳಿನೊಳಗೆ ಕೆಮ್ಮಬೇಕು,
ಸೀನು ಬಂದರೆ ಅದು ನಿನ್ನ ಹಣೆಬರಹ.

ಮುದುಕ ನೀರಿಗಿಳಿಯುತ್ತಾನೆ,
ಸೊಂಟದವರೆಗಲ್ಲ, ಕುತ್ತಿಗೆಯವರೆಗಲ್ಲ, ಪೂರ್ತಿ,
ಒಂದು ಕೈಯಲ್ಲಿ ಹಿಂಬದಿಯ ಹಗ್ಗ.
ಮೀನು ಕೇಳಿಸುತ್ತದೆ ಅವನಿಗೆ.
ಗೆಲಾಮಾ ಹಿಂಡು ಕಟ್ಟಿದರೆ ಪಕ್ಕದ ಮನೆಯಲ್ಲಿ
ಯಾರೋ ಕೆರೊಪೋಕ್ ಕರಿದಂತೆ, ಅನ್ನುತ್ತಾನೆ,
ಎಣ್ಣೆ ಎಷ್ಟು ಕಾದಿದೆ ಅಂತಲೂ ಗೊತ್ತಾಗುತ್ತದಂತೆ.

ಕಲಿಯಲು ಸೇರಿದ ಮೊದಲ ತಿಂಗಳು
ನಾನೂ ಮುಳುಗಿದೆ, ಎದ್ದೆ, "ಮೀನು!" ಎಂದೆ.
ಬಲೆ ಬಿಟ್ಟರು.
ಬಂದದ್ದು ಎರಡು ಬುಟ್ಟಿ ಲೋಳೆಮೀನು, ಒಂದು ಚಪ್ಪಲಿ.
"ನೀನು ಕೇಳಿದ್ದು ನಿನ್ನದೇ ನೆತ್ತರನ್ನು," ಅಂದ ದೆರಾಮನ್,
"ಎಲ್ಲರಿಗೂ ಮೊದಲು ಕೇಳಿಸುವುದು ಅದೇ.
ಅದು ಸುಮ್ಮನಾಗುವವರೆಗೆ ಮೇಲೆ ಬರಬೇಡ."

ಕಲಿತೆ. ಎರಡು ವರ್ಷ ಹಿಡಿಯಿತು.
ಎದೆಬಡಿತ ಒಂದು ಕಡೆ, ಅಲೆ ಒಂದು ಕಡೆ,
ಸೀಗಡಿಯ ಚಿಟಪಟ ಬೇರೆ, ದೂರದ ಹಡಗಿನ ಗೊಣಗು ಬೇರೆ,
ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸತೊಡಗಿದೆ.
ಊರಲ್ಲಿ ಅಂದರು: ದೆರಾಮನ್ ನಂತರ ಇವನೇ ಕಿವಿ.
ಹಿಗ್ಗಿದೆ. ಹೇಳಿಕೊಂಡೂ ತಿರುಗಿದೆ.
ಚಹಾದಂಗಡಿಯಲ್ಲಿ ಮಾತಿನ ಶುರುವೂ ನನ್ನದು, ಕೊನೆಯೂ ನನ್ನದು;
ನಡುವೆ ಯಾರು ಏನಂದರೋ ನೆನಪಿಲ್ಲ.

ಜುಸೋ ಅಡುಗೆಯ ಹುಡುಗ. ಹದಿನಾರು.
ಅವನ ಮಾತು ಹೊಸ್ತಿಲಲ್ಲೇ ಎಡವುತ್ತದೆ,
ಎಡವಿದಲ್ಲೇ ನಿಂತು ಬಾಗಿಲು ಬಡಿಯುತ್ತದೆ.
ನಮಗೆ ಪುರುಸೊತ್ತಿಲ್ಲ. ಉಳಿದರ್ಧ ನಾವೇ ಹೇಳಿ ಮುಗಿಸುತ್ತೇವೆ,
ಉಪಕಾರ ಅಂದುಕೊಂಡು.

ಆ ಬೆಳಿಗ್ಗೆ ಮುದುಕ ಅಂಗಿ ಕಳಚುತ್ತಿದ್ದ.
ಜುಸೋ ನನ್ನ ತೋಳು ಹಿಡಿದ:
"ಹ... ಹ... ಹ..."
"ಹಸಿವಾ?" ಎಂದೆ. "ಅಡುಗೆಯವನು ನೀನೇ ಅಲ್ಲವೋ ಮಾರಾಯ!"
ದೋಣಿಗೆ ದೋಣಿಯೇ ನಕ್ಕಿತು.
ಎಂಬೋಂಗ್ ಎಂಜಿನ್ ಆರಿಸಿದ, ತುಟಿಗೆ ಬೆರಳಿಟ್ಟ.
ಹುಡುಗನ ಬಾಯಿ ತೆರೆದೇ ಇತ್ತು.
ಎಷ್ಟು ಚೊಕ್ಕ ಮೌನ ನಮ್ಮದು,
ನೀರಿನಡಿಯ ಮೀನಿಗೆಂದೇ ಮೀಸಲಿಟ್ಟದ್ದು.

ಹಗ್ಗ ಹರಿದದ್ದು ಸದ್ದಿಲ್ಲದೆ.
ಗೂಟಕ್ಕೆ ಉಜ್ಜಿ ಉಜ್ಜಿ ಮೂರೇ ಎಳೆ ಉಳಿದಿತ್ತು;
ಹಿಂಬದಿಯಲ್ಲಿ ಕೂತು ಮೀನು ಹಸನು ಮಾಡುವವನಿಗಲ್ಲದೆ
ಇನ್ಯಾರಿಗೆ ಕಾಣಬೇಕು?
ಸೆಳೆತ ಅವನನ್ನು ಒಯ್ದಿತ್ತು.
ಐವತ್ತು ನಿಮಿಷ ಕೂಗಿದೆವು, ಒಬ್ಬರ ಕೂಗಿನ ಮೇಲೊಬ್ಬರು.
ಕೊನೆಗೆ ಜುಸೋ ನಮ್ಮ ಬಾಯಿ ಮುಚ್ಚಿಸಿದ, ಅಕ್ಷರಶಃ,
ಮೀನಿನ ಪೊರೆ ಅಂಟಿದ ಅಂಗೈಯಿಂದ ಒಬ್ಬೊಬ್ಬರದನ್ನೇ.
ಆಗ ಕೇಳಿಸಿತು, ಬಿಸಿಲಿನಾಚೆ ಎಲ್ಲೋ ಎಡಕ್ಕೆ,
ಯಾರೋ ನೀರಿನ ಬೆನ್ನು ತಟ್ಟುವ ಸದ್ದು.

ಮೇಲೆತ್ತಿದಾಗ ಮುದುಕನ ತುಟಿ ನೇರಳೆ.
ಒಣ ಲುಂಗಿ ಹೊದಿಸಿದೆವು, ಚಹಾಕ್ಕೆ ನೀರಿಟ್ಟೆವು.
ಕ್ಷಮೆಯ ದೊಡ್ಡದೊಂದು ಮಾತು ಸಜ್ಜು ಮಾಡಿಕೊಂಡು
ನಾನು ಮುಂದೆ ಹೋದೆ.
ಅವನು ಕೈ ಎತ್ತಿದ, ಎಂಜಿನ್ ಆರಿಸಲು ಎತ್ತುವ ಅದೇ ಕೈ.
ಜುಸೋನ ಎದುರು ಕುಕ್ಕುರುಗಾಲಲ್ಲಿ ಕೂತು
"ಹೇಳು," ಅಂದ.

"ಹ..."
ಚಹಾದ ನೀರು ಉಕ್ಕಿತು. ಯಾರೂ ಏಳಲಿಲ್ಲ.
"ಹ... ಹ..."
ನೆರಳು ಒಂದು ಹಲಗೆ ದಾಟಿ ಇನ್ನೊಂದಕ್ಕೆ ಹೋಯಿತು.
ನನ್ನ ನಾಲಿಗೆಯ ತುದಿಯಲ್ಲಿ ಹಗ್ಗ ಇತ್ತು,
ಗಂಟು ಹಾಕಿ ಸಿದ್ಧವಾಗಿ. ಕಚ್ಚಿ ಹಿಡಿದೆ.
ಮುದುಕನನ್ನು ನೋಡಿದೆ. ನೀರೊಳಗೂ ಹೀಗೇ ಇರುತ್ತದೋ ಏನೋ
ಆ ಮುಖ, ಏನನ್ನೂ ಕೇಳದೆ ಕೇಳಿಸಿಕೊಳ್ಳುವುದು.

"ಹಸಿವು," ಅಂದ ಜುಸೋ.
"ಬೆಳಿಗ್ಗೆಯಿಂದ ಯಾ... ಯಾರೂ ಉಂಡಿಲ್ಲ."

ಎಂಬೋಂಗ್ ಹೋಗಿ ಅನ್ನದ ಪಾತ್ರೆ ತಂದ.
ಹಗ್ಗದ ವಿಷಯ ಹುಡುಗ ಹೇಳಿದ್ದು ಊಟದ ಮೇಲೆ,
ನಿಧಾನವಾಗಿ, ಎಳೆ ಎಳೆಯಾಗಿ.
ಗೆಲಾಮಾ ಹಿಂಡು ಅಷ್ಟರಲ್ಲಿ ಎಲ್ಲಿಗೆ ಹೋಯಿತೋ.