ಕರಟದ ಲೆಕ್ಕ

ಜನವರಿಯಲ್ಲಿ ಅನ್ನ ಬಿಟ್ಟೆ.
ಕಾರವಾರ–ಜೋಯಿಡಾ ಬಸ್ಸಿನ ಕಂಡಕ್ಟರ್ ನಾನು,
ನಲವತ್ತೊಂದು ವರ್ಷ, ಎರಡು ಹೆರಿಗೆ,
ಚೀಲದಲ್ಲಿ ಟಿಕೆಟ್ ಯಂತ್ರ, ಚಿಲ್ಲರೆ,
ಅದರಡಿಗೆ ಮರಳು ಮೆತ್ತಿದ ಓಟದ ಬೂಟು.
ಬೆಳಗಿನ ನಾಲ್ಕೂವರೆಗೆ ಕೋಡಿಬಾಗದಿಂದ ಬೈತಖೋಲದ ಕಡೆಗೆ
ತೆರೆ ತೊಯ್ಸಿ ಬಿಟ್ಟ ಗಟ್ಟಿ ಮರಳಿನ ಮೇಲೆ ಓಡುತ್ತೇನೆ.
ಭಾನುವಾರ ಸದಾಶಿವಗಡದ ಏರು, ಹತ್ತು ಸಲ.

ಪ್ಲಾಸಿದ ಮಾಸ್ತರರು ಫೋನಿನಲ್ಲಿ ಒಂದು ಪಟ್ಟಿ ತೋರಿಸಿದರು:
ಬೆಣ್ಣೆಹಣ್ಣು, ಬಾದಾಮಿ, ಹೆಸರು ಹೇಳಲು ನಾಲಿಗೆ ತಿರುಗದ ಒಂದು ಚೀಸು.
ಕೂಡಿಸಿ ನೋಡಿದೆ. ಕೂಡಿಸುವುದು ನನ್ನ ಕಸುಬು.
ಸಂಬಳ ಹದಿನಾರನೇ ತಾರೀಕಿನ ಸ್ಟಾಪಿನಲ್ಲೇ
ಇಳಿದು ಹೋಗಿಬಿಟ್ಟಿತು.
ಪಟ್ಟಿಯಲ್ಲಿ ಖರ್ಚಿಲ್ಲದ್ದು ಒಂದೇ ಸಾಲು, ಅನ್ನ ಬೇಡ.
ಅದನ್ನೇ ಹಿಡಿದೆ.

ಮೀನು ಮಾರಿ ಬಂದ ಶೇವಂತಿ ಅತ್ತೆ ಬುಟ್ಟಿ ಕವುಚಿಟ್ಟು ಕೇಳಿದಳು:
‘ಅನ್ನ ಉಣ್ಣದವಳ ಕೈಯಿಂದ
ಅನ್ನ ಬಡಿಸಿಕೊಳ್ಳೂದು ಹೇಗೆ ಮಾರಾಯ್ತಿ?’

ಹುರಿದ ಬಂಗಡೆ, ತಿಸರೆ ಸುಕ್ಕೆ, ಮೊಟ್ಟೆ, ಬಸಳೆ.
ಮೂರು ಕಿಲೋ ಇಳಿದೆ, ಖಾಕಿಯ ಸೊಂಟಕ್ಕೆ ಪಿನ್ನು ಬಂತು.
ಡಿಪೋದಲ್ಲಿ ಎಲ್ಲರಿಗೂ ಉಪದೇಶ ಮಾಡಿದೆ,
ಡ್ರೈವರ್ ಗುರವನ ಬುತ್ತಿಯ ಇಡ್ಲಿಯನ್ನು
ಕಳ್ಳನನ್ನು ನೋಡಿದ ಹಾಗೆ ನೋಡಿದೆ.

ನಾಲ್ಕನೇ ಭಾನುವಾರ, ಏಳನೇ ಏರು.
ಮೊಣಕಾಲಿನಲ್ಲಿ ಯಾರೋ ದೀಪ ಆರಿಸಿದರು.
ಚೀರೆಕಲ್ಲಿನ ಮೇಲೆ ಕುಸಿದು ಕೂತೆ.
ಕೆಳಗೆ ಕಾಳಿ ಕಡಲಿಗೆ ಸೇರುವಲ್ಲಿ
ನೀರು ಬೆಳ್ಳಗೆ, ಗಂಜಿಯ ತೆಳಿಯ ಹಾಗೆ.
ಅಷ್ಟು ದೊಡ್ಡ ಪಾತ್ರೆ, ನನಗೊಂದು ಗುಟುಕಿಲ್ಲ.
ಹೂ ಮಾರುವ ಹುಡುಗ ತನ್ನ ಬಾಳೆಹಣ್ಣನ್ನು ಅರ್ಧ ಮುರಿದ.
ತಿಂದೆ. ಸಿಪ್ಪೆಯ ಒಳಮೈಯನ್ನೂ ಕೆರೆದು ತಿಂದೆ.

ಆ ರಾತ್ರಿ ಅತ್ತೆ ಬೈಯಲಿಲ್ಲ. ಹೇಳಿದಳು:
‘ನಿನ್ನ ಮಾವ ಬಲೆ ಎಳೆವ ರಾತ್ರಿ ಎರಡು ಕರಟ ಅನ್ನ ಉಣ್ಣುತ್ತಿದ್ದ.
ದಂಡೆಯಲ್ಲಿ ಕೂತು ಬಲೆ ಹೊಲಿವ ದಿನ ಬರೀ ಮೀನು,
ಅನ್ನ ತಟ್ಟೆಯ ಅಂಚಿಗೆ, ನೆಪಕ್ಕೆ.’
ಅದು ಮಾವನ ಲೆಕ್ಕವೋ,
ಮನೆಯಲ್ಲಿ ಅಕ್ಕಿಯೇ ಇರಲಿಲ್ಲವೋ,
ನಾನು ಕೇಳಲಿಲ್ಲ.

ಕರಟ ಹುಡುಕಿ ತೊಳೆದೆ.
ಏರಿನ ಹಿಂದಿನ ರಾತ್ರಿಗೆ ಒಂದು, ಕುಚಲಕ್ಕಿಯದು.
ಮರಳಿನ ಓಟ ಮುಗಿಸಿ ಬಂದಾಗ ಅರ್ಧ.
ಬರೀ ಬಸ್ಸಿನಲ್ಲಿ ನಿಂತ ದಿನ ಇಲ್ಲ.
ನಿಂತದ್ದೂ ದುಡಿಮೆಯೇ, ನಿಜ,
ಆದರೆ ಅದಕ್ಕೆ ಬಂಗಡೆ ಸಾಕು.

ಆಮೇಲೆ ಜೂನ್ ಬಂತು. ದೋಣಿಗಳೆಲ್ಲ ದಂಡೆಗೆ ಬಂದವು,
ಬಂಗಡೆಯ ಬೆಲೆ ಅಣಶಿ ಘಟ್ಟ ಹತ್ತಿತು.
ಬೇಸಿಗೆಯಲ್ಲಿ ಯಾರೂ ಪಥ್ಯ ಮಾಡಬಹುದು.
ಮೀನಿಲ್ಲದ ಎರಡು ತಿಂಗಳು ದಾಟಿದರೆ ಮಾತ್ರ
ಅದು ನಿನ್ನದು.
ಒಣಮೀನು ಸುಟ್ಟು ತಿಂದೆ, ಉಪ್ಪಿಗೆ ಬಾಯಾರಿ
ಕದ್ರಾ ಬರುವಷ್ಟರಲ್ಲಿ ಎರಡು ಬಾಟಲಿ ನೀರು ಖಾಲಿ.
ಹುರುಳಿ ಸಾರು, ಚಗಟೆ ಸೊಪ್ಪು, ಮತ್ತೆ ಮೊಟ್ಟೆ.
ಜೋಯಿಡಾದಲ್ಲಿ ಹತ್ತಿದ ಕುಣಬಿ ಮುದುಕಿಯ ಕಣಿಲೆಯ ಗಂಟಿಗೆ
ಲಗೇಜ್ ಟಿಕೆಟ್ ಹರಿದೆ,
ಇಳಿಯುವಾಗ ಅದರಲ್ಲಿ ಅರ್ಧ ನಾನೇ ಕೊಂಡೆ.
ಚೌತಿಯಲ್ಲಿ ಮೋದಕ ತಿಂದೆ. ಮೂರಲ್ಲ, ಐದು.
ಮರುದಿನ ಓಡಿದೆ, ಅಷ್ಟೇ.

‘ನಿನ್ನದಕ್ಕೆ ಹೆಸರೇನು?’ ಮಾಸ್ತರರು ಕೇಳುತ್ತಾರೆ.
ಗೊತ್ತಿಲ್ಲ ಸರ್. ನಾಳೆಯೂ ತಿನ್ನಬಹುದು, ಅಷ್ಟು ಗೊತ್ತು.

ಇವತ್ತು ಶನಿವಾರ. ಅತ್ತೆ ಕರಟದ ಮೇಲೆ
ಅನ್ನದ ಗೋಪುರ ಕಟ್ಟುತ್ತಾಳೆ, ನನ್ನ ಕಡೆ ನೋಡದೆ.
ನಾನು ಹೆಬ್ಬೆರಳಿನಿಂದ ಅದನ್ನು ಸಮ ಮಾಡುತ್ತೇನೆ.
ಪ್ರತಿ ವಾರ ಇದೇ, ಮಾತಿಲ್ಲ.
ನಾಳೆ ಹತ್ತು ಏರು, ಮಳೆ ಬಿಟ್ಟರೆ.
ಹೆಬ್ಬೆರಳು ಈ ಸಲ ಯಾಕೋ
ಸ್ವಲ್ಪ ತಡ ಮಾಡುತ್ತದೆ.